ಬೆಜೆಲ್ ಕಟ್ಟು: ಪಟ್ಟಿಯ ಉದ್ದ ಏಕೆ ಕಡಿಮೆ ಬೀಳುತ್ತದೆ, ಚಂದ್ರಕಾಂತ ಶಿಲೆ ಎಲ್ಲಿ ಬಿರುಕು ಬಿಡುತ್ತದೆ

ತಳ ಚಪ್ಪಟೆ, ಮೇಲೆ ಗುಮ್ಮಟ ಇರುವ ಹರಳು ಕ್ಯಾಬೊಷಾನ್. ಅದರ ಸುತ್ತ ತೆಳು ಬೆಳ್ಳಿಪಟ್ಟಿ ನಿಲ್ಲಿಸಿ, ಮೇಲಂಚನ್ನು ಹರಳಿನತ್ತ ಒತ್ತಿ ಕೂರಿಸಿದರೆ ಬೆಜೆಲ್ ಕಟ್ಟು. ಗರಗಸ, ಅರ, ಟಾರ್ಚ್ ಹಿಡಿಯುವುದು ಬರುತ್ತದೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಉಂಗುರದ ಬಳೆ ಮತ್ತು ತಳದ ತಗಡಿಗೆ 925 ಬೆಳ್ಳಿ (ಸಾವಿರದಲ್ಲಿ 925 ಪಾಲು ಬೆಳ್ಳಿ), ಪಟ್ಟಿಗೆ ಮಾತ್ರ ಹೆಚ್ಚುಕಡಿಮೆ ಶುದ್ಧವಾದ 999. 925ರಲ್ಲಿ ಸಾಮಾನ್ಯವಾಗಿ ಶೇ. 7.5 ತಾಮ್ರ ಇರುವುದರಿಂದ ಗಟ್ಟಿ. ಒತ್ತಿದ ಅಂಚು ಸ್ವಲ್ಪ ಹಿಂದಕ್ಕೆ ಏಳುತ್ತದೆ. 999 ಹೇಳಿದ ಹಾಗೆ ಕೇಳುತ್ತದೆ.

ಪಟ್ಟಿಯ ಉದ್ದ

ಎಲ್ಲರೂ ಹೇಳಿಕೊಡುವ ಸೂತ್ರ: ಹರಳಿನ ಉದ್ದ, ಅಗಲ ಕೂಡಿಸಿ ಅರ್ಧ ಮಾಡಿ, ಪಟ್ಟಿಯ ದಪ್ಪ ಸೇರಿಸಿ, 3.14ರಿಂದ ಗುಣಿಸಿ. ದಪ್ಪ ಒಂದೇ ಸಲ ಏಕೆ, ಎರಡೂ ಬದಿಗೆ ಎರಡು ಸಲ ಸೇರಿಸಬೇಡವೇ? ಬೇಡ. ಬಾಗಿಸಿದಾಗ ಪಟ್ಟಿಯ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ಉದ್ದ ಬದಲಾಗದೆ ಉಳಿಯುವುದು ನಡುವಿನ ಗೆರೆ. ಆ ಗೆರೆ ಹರಳಿನಿಂದ ಅರ್ಧ ದಪ್ಪದಷ್ಟು ದೂರದಲ್ಲಿದೆ. ಎರಡು ಬದಿಯ ಎರಡು ಅರ್ಧ ಸೇರಿ ಒಂದು ದಪ್ಪ.

28 ಗೇಜ್ ಪಟ್ಟಿಯ ದಪ್ಪ 0.32 ಮಿ.ಮೀ. ಹರಳು 14×10 ಆದರೆ ಸರಾಸರಿ 12, ದಪ್ಪ ಸೇರಿ 12.32, ಉದ್ದ 38.7 ಮಿ.ಮೀ. ಪಟ್ಟಿ ಸರಿಯಾಗಿಯೇ ಸುತ್ತಿಕೊಳ್ಳುತ್ತದೆ. ಅದೇ ಸೂತ್ರವನ್ನು 18×8ರ ನೀಳ ಹರಳಿಗೆ ಹಾಕಿ: 13.32×3.14, ಅಂದರೆ 41.8. ಸುತ್ತಿ ನೋಡಿದರೆ ತುದಿಗಳು ಸೇರುವುದೇ ಇಲ್ಲ, ಒಂದೂವರೆ ಮಿಲಿಮೀಟರ್ ಕಡಿಮೆ! ಅಳತೆ ತಪ್ಪಿಲ್ಲ, ಸೂತ್ರವೇ ತಪ್ಪು. ವೃತ್ತಕ್ಕೆ ಸರಿಹೋಗುವ ಲೆಕ್ಕವನ್ನು ಅಂಡಾಕಾರಕ್ಕೆ ಎಳೆದು ಹೊಂದಿಸಿದ್ದಾರೆ. ಹರಳು ನೀಳವಾದಷ್ಟೂ ಅದು ನಿಜವಾದ ಸುತ್ತಳತೆಗಿಂತ ಕಡಿಮೆ ತೋರಿಸುತ್ತದೆ.

ಸರಿಪಡಿಸುವ ಒಂದು ದಾರಿ ನನಗೆ ಬಹಳ ಇಷ್ಟ. ಉದ್ದ, ಅಗಲಗಳ ವರ್ಗ ಕೂಡಿಸಿ, ಅರ್ಧ ಮಾಡಿ, ವರ್ಗಮೂಲ ತೆಗೆಯಿರಿ: 324 + 64 = 388, ಅರ್ಧ 194, ಮೂಲ 13.93. ಇದೊಂದನ್ನೇ ಬಳಸಿದರೆ ಪಟ್ಟಿ ಹೆಚ್ಚಾಗುತ್ತದೆ. ಸಾದಾ ಸರಾಸರಿ 13 ಕಡಿಮೆ, ಇದು ಹೆಚ್ಚು. ಎರಡರ ನಡುವಿನ 13.46 ನಿಜಕ್ಕೆ ಕೂದಲೆಳೆಯಷ್ಟು ಹತ್ತಿರ. ದಪ್ಪ ಸೇರಿಸಿ ಗುಣಿಸಿದರೆ 43.3 ಮಿ.ಮೀ. 14×10ಕ್ಕೆ ಇದೇ ಲೆಕ್ಕ ಮಾಡಿದರೆ ವ್ಯತ್ಯಾಸ ಕಾಲು ಮಿಲಿಮೀಟರ್ ಅಷ್ಟೇ, ಅದಕ್ಕೇ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಉದ್ದ ಅಗಲದ ಒಂದೂವರೆ ಪಟ್ಟು ದಾಟಿದರೆ ಈ ಲೆಕ್ಕವನ್ನೇ ಮಾಡಿ.

ಅನುಮಾನವಿದ್ದರೆ ಕಾಲು ಮಿಲಿಮೀಟರ್ ಕಡಿಮೆಯೇ ಇರಲಿ. ಬೆಸುಗೆಯಾದ ಸುತ್ತನ್ನು ಉಕ್ಕಿನ ಕಡ್ಡಿಗೆ ಹಾಕಿ ಮೆಲ್ಲಗೆ ತಟ್ಟಿದರೆ ಅಷ್ಟು ಹಿಗ್ಗುತ್ತದೆ. ಒಂದೂವರೆ ಮಿಲಿಮೀಟರ್ ಹಿಗ್ಗಿಸಹೊರಟರೆ ಪಟ್ಟಿ ತೆಳುವಾಗಿ ಬೆಸುಗೆ ಬಿಟ್ಟೀತು. ಸುತ್ತು ದೊಡ್ಡದಾದರೆ ಕತ್ತರಿಸಿ ಮತ್ತೆ ಬೆಸೆಯದೆ ಗತಿಯಿಲ್ಲ.

ಬೆಸುಗೆ

ಪಟ್ಟಿಯ ಕೂಡಿಗೆ ಹಾರ್ಡ್ ಬೆಸುಗೆ, ತಳಕ್ಕೆ ಮೀಡಿಯಂ, ಉಂಗುರದ ಬಳೆಗೆ ಈಜಿ. ಹಾರ್ಡ್ ಕರಗಲು ಹೆಚ್ಚು ಬಿಸಿ ಬೇಕು, ಈಜಿಗೆ ಕಡಿಮೆ; ಹಿಂದಿನ ಕೂಡು ಬಿಚ್ಚದಿರಲಿ ಎಂದೇ ಈ ಕ್ರಮ. ಬೆಸುಗೆ ಚೆನ್ನಾಗಿ ಹರಿಯಲು ಪ್ರತಿ ಸಲವೂ ಬಿಳಿಗಾರ. ತಳಕ್ಕೆ ಬೆಸೆಯುವಾಗ ಜ್ವಾಲೆ ತಗಡಿನ ಕೆಳಗಿನಿಂದಲೇ ಬರಲಿ. ಮೇಲಿನಿಂದ ಹಿಡಿದರೆ ತೆಳು ಪಟ್ಟಿ ಮೊದಲು ಕಾಯುತ್ತದೆ. ಬೆಸುಗೆ ಬಿಸಿ ಇರುವ ಕಡೆ ಓಡುವುದರಿಂದ ಪಟ್ಟಿಯ ಗೋಡೆ ಹತ್ತಿಬಿಡುತ್ತದೆ, ಕೂಡು ಖಾಲಿ ಉಳಿಯುತ್ತದೆ. ಬೆಸೆದ ಮೇಲೆ ಕರಿ ತೆಗೆಯಲು ಅದ್ದುವ ಪಿಕಲ್ ಆಮ್ಲದಿಂದ ಆಭರಣ ಎತ್ತಲು ತಾಮ್ರದ ಚಿಮಟ. ಕಬ್ಬಿಣದ್ದು ತಾಗಿದರೆ ಬೆಳ್ಳಿಯ ಮೇಲೆ ತಾಮ್ರದ ಕೆಂಪು ಕೂರುತ್ತದೆ.

ಹರಳು ಕೊನೆಗೇ ಏಕೆ

ಚಂದ್ರಕಾಂತದ (ಮೂನ್‌ಸ್ಟೋನ್) ಗಡಸುತನ 1ರಿಂದ 10ರವರೆಗಿನ ಮೋಸ್ ಮಾಪಕದಲ್ಲಿ 6ರಿಂದ 6.5. ಮನೆಯ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ 7, ಹಾಗಾಗಿ ಒಣಬಟ್ಟೆಯಲ್ಲಿ ಉಜ್ಜಿದರೂ ಕಾಲಕ್ರಮದಲ್ಲಿ ಗೀರು ಬೀಳುತ್ತದೆ. ಎಮರಿ ಕಾಗದದ ಕಣ 9ರ ಆಸುಪಾಸು, ತಾಗಿದರೆ ಮುಗಿಯಿತು. ಆದ್ದರಿಂದ ಒಪ್ಪ ಹಾಕುವ ಕೆಲಸವೆಲ್ಲ ಹರಳು ಕೂರಿಸುವ ಮೊದಲೇ, ಅಂಚು ಒತ್ತುವಾಗ ಹರಳಿನ ಮೇಲೆ ಟೇಪ್.

ಇನ್ನೂ ದೊಡ್ಡ ಅಪಾಯ ಸೀಳು. ಇದು ಫೆಲ್ಡ್‌ಸ್ಪಾರ್ ಎಂಬ ಖನಿಜ ಗುಂಪಿಗೆ ಸೇರಿದ್ದು, ಸುಮಾರು 90 ಡಿಗ್ರಿಯಲ್ಲಿ ಸಂಧಿಸುವ ಎರಡು ದಿಕ್ಕಿನಲ್ಲಿ ಒಳಗೊಳಗೇ ಸೀಳಲು ಸಿದ್ಧವಾಗಿರುತ್ತದೆ. ಒಂದೇ ಕಡೆ ಬಲವಾಗಿ ಒತ್ತಬೇಡಿ. 12 ಗಂಟೆ, 6 ಗಂಟೆ, 3, 9 ಎಂದು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಒತ್ತಿ, ಆಮೇಲೆ ನಡುವಿನ ಜಾಗ. ಒಂದು ಬದಿಯಿಂದ ಸುತ್ತಿಕೊಂಡು ಹೋದರೆ ಹೆಚ್ಚಾದ ಲೋಹವೆಲ್ಲ ಕೊನೆಯಲ್ಲಿ ಸುಕ್ಕಾಗಿ ನಿಲ್ಲುತ್ತದೆ. ಪಟ್ಟಿ ತೀರ ಎತ್ತರವಿದ್ದರೂ ಅದೇ ಪಾಡು. ಗುಮ್ಮಟ ಒಳಕ್ಕೆ ತಿರುಗುವ ಗೆರೆಗಿಂತ ಸ್ವಲ್ಪ ಮೇಲಿದ್ದರೆ ಸಾಕು.

ಫಿರೋಜ, ಮುತ್ತು, ಹವಳ, ಮ್ಯಾಲಕೈಟ್ ಆದರೆ ಇನ್ನೂ ಕಟ್ಟುನಿಟ್ಟು. ಆಮ್ಲವೂ ಬೆಳ್ಳಿ ಕಪ್ಪಾಗಿಸುವ ಪೊಟ್ಯಾಶಿಯಂ ಸಲ್ಫೈಡ್ ದ್ರಾವಣವೂ ಅವನ್ನು ಮುಟ್ಟಲೇಬಾರದು.

ಕೊಳ್ಳುವಾಗ

ಚಂದ್ರಕಾಂತದ ಹೊಳಪು ಆರ್ಥೊಕ್ಲೇಸ್, ಆಲ್ಬೈಟ್ ಎಂಬ ಎರಡು ಫೆಲ್ಡ್‌ಸ್ಪಾರ್‌ಗಳ ತೆಳುಪದರಗಳಲ್ಲಿ ಬೆಳಕು ಚದುರಿ ಹುಟ್ಟುತ್ತದೆ. ಅಂಗಡಿಯ 'ರೇನ್‌ಬೋ ಮೂನ್‌ಸ್ಟೋನ್' ಖನಿಜದ ಲೆಕ್ಕದಲ್ಲಿ ಬಿಳಿ ಲ್ಯಾಬ್ರಡೊರೈಟ್, ಬೇರೊಂದು ಫೆಲ್ಡ್‌ಸ್ಪಾರ್. ಚೆನ್ನಾಗಿಯೇ ಇರುತ್ತದೆ, ಶ್ರೀಲಂಕಾದ ಮೀಟಿಯಾಗೊಡದ ನೀಲಿ ಹೊಳಪಿನ ಹರಳಿನ ಬೆಲೆ ಮಾತ್ರ ಕೊಡಬೇಡಿ. ಒಂದೇ ದೀಪದ ಕೆಳಗೆ ನೇರ ಮೇಲಿನಿಂದ ನೋಡಿ: ಹೊಳಪು ಗುಮ್ಮಟದ ನಡುವೆ ತೇಲಬೇಕು. ಅಂಚಿಗೆ ಜಾರಿದ್ದರೆ ಹರಳನ್ನು ತಪ್ಪು ಕೋನದಲ್ಲಿ ಕಡೆದಿದ್ದಾರೆ, ಯಾವ ಕಟ್ಟೂ ಅದನ್ನು ಸರಿಮಾಡುವುದಿಲ್ಲ. ಮುಚ್ಚಿದ ತಳವಾದರೆ ಒಳಗಿನ ತಗಡನ್ನು ಮೊದಲೇ ಕಪ್ಪಾಗಿಸಿ. ನೀಲಿ ಎದ್ದು ಕಾಣುತ್ತದೆ.

ಅಂಚು ಒತ್ತುವ ಮೊದಲು ಹರಳನ್ನು ಕಟ್ಟಿನಲ್ಲಿ ಇಟ್ಟು ನೋಡುವಾಗ ಕೆಳಗೆ ಹಲ್ಲು ಉಜ್ಜುವ ಫ್ಲಾಸ್‌ನ ಎಳೆ ಹಾಸಿರಿ. ಸಿಕ್ಕಿಕೊಂಡರೆ ಎಳೆ ಎತ್ತಿದರಾಯಿತು, ಮೊನಚಿನಿಂದ ಕೀಳಲು ಹೋದರೆ ಸೀಳು ತೆರೆಯುತ್ತದೆ.