ಚಿನ್ನದ ಚೊಕೊಬೊ ಮರಿ: ನಾನು ಎಡವಿದ ಜಾಗ

ನಿನ್ನೆ ರಾತ್ರಿಯಷ್ಟೇ ಆಟದಲ್ಲಿ ಚಿನ್ನದ ಬಣ್ಣದ ಚೊಕೊಬೊ (ಬೆನ್ನೇರಿ ಸವಾರಿ ಮಾಡುವ ದೊಡ್ಡ ಹಕ್ಕಿ) ಮರಿ ಸಿಕ್ಕಿತು. ತಲೆಯಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಇದು 1997ರ ವಿಡಿಯೋ ಗೇಮ್ ಫೈನಲ್ ಫ್ಯಾಂಟಸಿ 7ರ ಲೆಕ್ಕ, ಸರಣಿಯ ಬೇರೆ ಭಾಗಗಳಿಗೆ ಹೊಂದುವುದಿಲ್ಲ.

ಚೊಕೊಬೊ ಮೊದಲು ಬಂದದ್ದು 1988ರ ಎರಡನೇ ಭಾಗದಲ್ಲಿ. ಬೆನ್ನೇರಿದರೆ ದಾರಿಯಲ್ಲಿ ಯಾವ ಶತ್ರುವೂ ಅಡ್ಡ ಬರಲ್ಲ, ಇಳಿದ ಕೂಡಲೇ ಹಕ್ಕಿ ಓಡಿಹೋಗುತ್ತದೆ. 7ರಲ್ಲಿ ಈ ನಂಟು ಗಟ್ಟಿಯಾಗುತ್ತದೆ. ಜೌಗಿನ ದೊಡ್ಡ ಹಾವಿನಿಂದ ಪಾರಾಗಲು ಇದರ ಕಾಲುಗಳೇ ಬೇಕು. ಕೊರೆಲ್ ಸೆರೆಯಿಂದ ಬಿಡುಗಡೆ ಆಗಬೇಕಾದರೂ ಚೊಕೊಬೊ ರೇಸ್ ಗೆಲ್ಲಬೇಕು.

ಹಿಡಿಯುವುದು ಸುಲಭ. ಹೆಜ್ಜೆಗುರುತಿನ ಮೇಲೆ ಓಡಾಡಿ, ಸೊಪ್ಪು ಎಸೆಯಿರಿ. ಅದು ತಲೆ ಬಗ್ಗಿಸಿ ತಿನ್ನುತ್ತಿರುವಾಗ ಜೊತೆಗಿರುವ ಶತ್ರುಗಳನ್ನು ಮಾತ್ರ ಮುಗಿಸಿ. ಅಪ್ಪಿತಪ್ಪಿ ಹಕ್ಕಿಗೆ ಏಟು ಬಿದ್ದರೆ ಕೆಲಸ ಕೆಟ್ಟಿತು.

ಈಗ ಬಣ್ಣದ ವಿಷಯ. ಹಸಿರು ಹಕ್ಕಿ ಬೆಟ್ಟ ದಾಟುತ್ತದೆ, ನೀಲಿ ಹಕ್ಕಿ ಹೊಳೆ ದಾಟುತ್ತದೆ, ಕಪ್ಪು ಎರಡನ್ನೂ, ಚಿನ್ನದ್ದು ಸಮುದ್ರವನ್ನೂ. ಇದನ್ನು ಓದಿ ನಾನು ಅಂದುಕೊಂಡದ್ದು, ಒಂದೇ ಹಕ್ಕಿಯನ್ನು ಚೆನ್ನಾಗಿ ಮೇಯಿಸುತ್ತಾ ಹೋದರೆ ಬಣ್ಣ ಬದಲಾಗುತ್ತದೆ ಅಂತ. ದುಬಾರಿ ಸಿಲ್ಕಿಸ್ ಸೊಪ್ಪನ್ನು ಕಂತೆಗಟ್ಟಲೆ ತಿನ್ನಿಸಿದೆ. ಹಳದಿ ಹಳದಿಯಾಗಿಯೇ ಉಳಿಯಿತು! ಗಮನಿಸಿ: ಸೊಪ್ಪು ತಿನ್ನುವ ಹಕ್ಕಿಯ ವೇಗ, ದಮ್ಮು ಇಂಥವನ್ನು ಹೆಚ್ಚಿಸುತ್ತದೆ, ಅಷ್ಟೇ. ಬಣ್ಣ ಬರುವುದು ಹುಟ್ಟುವ ಮರಿಗೆ. ಅದನ್ನು ತೀರ್ಮಾನಿಸುವುದು ಅಪ್ಪ-ಅಮ್ಮನ ತಳಿ ಮತ್ತು ಕೂಡಿಸುವಾಗ ತಿನ್ನಲು ಕೊಡುವ ನಟ್ (ಕಾಯಿ). ಅಂದರೆ ಕಪ್ಪು ಹಕ್ಕಿ ಚಿನ್ನದ್ದಾಗುವುದಿಲ್ಲ, ಕಪ್ಪು ಹಕ್ಕಿಯ ಮರಿ ಚಿನ್ನದ್ದಾಗಬಹುದು. ಈ ಒಂದು ಮಾತು ತಲೆಗೆ ಹೋದ ಮೇಲೆ ಉಳಿದದ್ದೆಲ್ಲ ತಾನಾಗಿಯೇ ಬಿಡಿಸಿಕೊಂಡಿತು.

ಸರಪಳಿ ಹೀಗೆ. ಹಿಡಿದ ಪ್ರತಿ ಹಕ್ಕಿಗೂ ಒಂದು ದರ್ಜೆ ಇರುತ್ತದೆ; ಗ್ರೇಟ್ ಮತ್ತು ಗುಡ್ ದರ್ಜೆಯ ಹಳದಿ ಹಕ್ಕಿಗಳನ್ನು ಕ್ಯಾರಬ್ ನಟ್ ಕೊಟ್ಟು ಕೂಡಿಸಿದರೆ ನೀಲಿ ಅಥವಾ ಹಸಿರು ಮರಿ. ನೀಲಿ ಮತ್ತು ಹಸಿರಿಗೆ ಮತ್ತೆ ಕ್ಯಾರಬ್, ಆಗ ಕಪ್ಪು. ಕಪ್ಪಿಗೆ ಐಸಿಕಲ್ ಇನ್ ಎಂಬ ಊರಿನ ಹತ್ತಿರ ಸಿಗುವ ವಂಡರ್‌ಫುಲ್ ದರ್ಜೆಯ ಜೋಡಿ ಹುಡುಕಿ ಜೀಯೋ ನಟ್ ಕೊಟ್ಟರೆ ಚಿನ್ನ. ಕ್ಯಾರಬ್ ಅನ್ನು ಬೋನ್ ವಿಲೇಜ್ ಬಳಿಯ ವ್ಲಾಕೊರಾಡೋಸ್ ಎಂಬ ಶತ್ರುವಿನಿಂದ ಕದಿಯಬೇಕು, ಜೀಯೋವನ್ನು ಗಾಬ್ಲಿನ್‌ಗಳಿಂದ. ಒಂದು ಗಂಡು, ಒಂದು ಹೆಣ್ಣು ಇರಲೇಬೇಕು ಅಲ್ವಾ, ಹಾಗಾಗಿ ಕಪ್ಪು ಮರಿ ಗಂಡೋ ಹೆಣ್ಣೋ ಅಂತ ನೋಡಿಕೊಂಡೇ ಅದಕ್ಕೆ ಜೋಡಿ ಹುಡುಕಿ.

ನನಗೆ ಜಾಸ್ತಿ ಕೈಹಿಡಿದ ಉಪಾಯ: ಮೊದಲು ಓಡಿಸಿ, ಆಮೇಲೆ ಕೂಡಿಸಿ. ಅಪ್ಪ-ಅಮ್ಮ, ರೇಸ್ ನಡೆಯುವ ಗೋಲ್ಡ್ ಸಾಸರ್‌ನಲ್ಲಿ ಎಷ್ಟು ರೇಸ್ ಗೆದ್ದಿರುತ್ತವೋ ಬಣ್ಣದ ಮರಿ ಬರುವ ಸಾಧ್ಯತೆ ಅಷ್ಟು ಹೆಚ್ಚು. ಸಿಲ್ಕಿಸ್ ಸೊಪ್ಪು ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ.

ಹಕ್ಕಿಗಳನ್ನು ಇಟ್ಟುಕೊಳ್ಳುವ ಲಾಯದ ಲೆಕ್ಕವೂ ಇಡಿ. ಒಂದು ಹಕ್ಕಿಯ ಜಾಗಕ್ಕೆ 10,000 ಗಿಲ್ (ಆಟದ ಹಣ), ಒಟ್ಟು 6 ಜಾಗ ಮಾತ್ರ. ಹಳದಿ ಜೋಡಿ, ನೀಲಿ, ಹಸಿರು, ಕಪ್ಪು, ವಂಡರ್‌ಫುಲ್ ಅನ್ನುವಷ್ಟರಲ್ಲಿ ಎಲ್ಲಾ ತುಂಬಿರುತ್ತದೆ, ಚಿನ್ನದ ಮರಿಗೆ ಜಾಗ ಇರಲ್ಲ. ಯಾವುದನ್ನಾದರೂ ಬಿಟ್ಟುಬಿಡಲೇಬೇಕು. ನಾನು ಬಿಟ್ಟದ್ದು ಮೊದಲು ಹಿಡಿದ ಹಳದಿ ಹಕ್ಕಿಯನ್ನು, ಆ ಎಲ್ಲ ಸೊಪ್ಪು ತಿಂದದ್ದೂ ಅದೇ. ಮನಸ್ಸಿಗೆ ಕಷ್ಟವಾಯಿತು. ಅದರ ಮೊಮ್ಮಗಳ ಮಗಳ ಮೇಲೆ ಕೂತು ಸಮುದ್ರ ದಾಟಿ, ಇವತ್ತು ಬೆಳಿಗ್ಗೆ ಈಶಾನ್ಯದ ದುಂಡು ದ್ವೀಪ ಮುಟ್ಟಿದೆ.