ಪುಟ್ಟ ಪತಂಗ ಮುಂದೆ ದೊಡ್ಡದಾಗುತ್ತಾ?

ಪ್ರಶ್ನೆ: ರಾತ್ರಿ ದೀಪ ಹಾಕಿದರೆ ಅಕ್ಕಿಕಾಳಿನಷ್ಟು ಸಣ್ಣ ಪತಂಗಗಳು ಬರುತ್ತವೆ. ಇವು ದೊಡ್ಡ ಪತಂಗದ ಮರಿಗಳಾ? ಬೆಳೆದ ಮೇಲೆ ಎಷ್ಟು ದೊಡ್ಡದಾಗುತ್ತವೆ?

ಇನ್ನು ಒಂದು ಕೂದಲೆಳೆಯಷ್ಟೂ ಬೆಳೆಯುವುದಿಲ್ಲ. ರೆಕ್ಕೆ ಬಂತು ಅಂದರೆ ಪತಂಗದ ಬೆಳವಣಿಗೆ ಮುಗಿಯಿತು. ನೀವು ಮರಿ ಅಂದುಕೊಂಡದ್ದು ಮೊಟ್ಟೆ ಇಡಲು ಹೊರಟ ತಾಯಿಯೇ ಇರಬಹುದು.

ಬೆಳೆಯುವ ಕೆಲಸವೆಲ್ಲ ಕಂಬಳಿಹುಳುವಿನದು. ಅದು ತಿನ್ನುತ್ತದೆ, ಚರ್ಮ ಬಿಗಿಯಾದಾಗ ಪೊರೆ ಕಳಚುತ್ತದೆ, ಮತ್ತೆ ತಿನ್ನುತ್ತದೆ. ಕೋಶದಿಂದ ರೆಕ್ಕೆ ಹೊತ್ತು ಹೊರಬಂದ ಮೇಲೆ ಪೊರೆ ಕಳಚುವ ಮಾತೇ ಇಲ್ಲ. ಗಟ್ಟಿಯಾದ ಮೈ ಹಿಗ್ಗುವುದೂ ಇಲ್ಲ. ಹುಳುವಾಗಿದ್ದಾಗ ಸರಿಯಾಗಿ ಊಟ ಸಿಗದಿದ್ದರೆ ಅದೇ ಜಾತಿಯಲ್ಲಿ ಸ್ವಲ್ಪ ಕುಳ್ಳ ಪತಂಗ ಹುಟ್ಟುವುದುಂಟು. ಆದರೆ ಅಕ್ಕಿಕಾಳಿನ ಗಾತ್ರಕ್ಕೆ ಅದು ಕಾರಣವಲ್ಲ. ಅವುಗಳ ಜಾತಿಯೇ ಅಷ್ಟು.

ಚಿಟ್ಟೆ, ಪತಂಗಗಳ ಗುಂಪಿನಲ್ಲಿ ಇದುವರೆಗೆ ಹೆಸರಿಟ್ಟ ಜಾತಿಗಳು ಸುಮಾರು 1,60,000. ಅದರಲ್ಲಿ ಚಿಟ್ಟೆಗಳು 20,000 ಕೂಡ ಇಲ್ಲ. ಉಳಿದದ್ದೆಲ್ಲ ಪತಂಗ. ಅಟ್ಲಾಸ್ ಪತಂಗದ ರೆಕ್ಕೆ ಬಿಡಿಸಿದರೆ 24 ಸೆಂಟಿಮೀಟರ್ ಮುಟ್ಟುತ್ತದೆ. ನೆಪ್ಟಿಕ್ಯುಲಿಡೀ ಕುಟುಂಬದ ಕೆಲವಕ್ಕೆ ರೆಕ್ಕೆ ಪೂರ್ತಿ ಬಿಡಿಸಿದರೂ 3 ಮಿಲಿಮೀಟರ್ ಆಸುಪಾಸು.

ಹಾಗಾದರೆ ಸಣ್ಣವೆಲ್ಲ ಒಂದೇ ಮನೆತನವಾ? ಅದೂ ಅಲ್ಲ. ಕೀಟ ನೋಡುವವರು ಇವನ್ನು ಒಟ್ಟಾಗಿ ‘ಮೈಕ್ರೋ’ ಅನ್ನುತ್ತಾರೆ. ಇದು ಅನುಕೂಲಕ್ಕೆ ಮಾಡಿಕೊಂಡ ವಿಂಗಡಣೆ. ನೆಂಟಸ್ತಿಕೆ ನೋಡಿದರೆ ನಿಲ್ಲುವುದಿಲ್ಲ. ಹೆಪಿಯಾಲಿಡೀ ಕುಟುಂಬದ ಕೆಲವು ಪತಂಗಗಳು 20 ಸೆಂಟಿಮೀಟರ್ ದಾಟುತ್ತವೆ. ಆದರೂ ವಂಶವೃಕ್ಷದಲ್ಲಿ ಅವುಗಳ ಜಾಗ ಬುಡದ ಕಡೆ, ಪುಟಾಣಿಗಳ ನಡುವೆಯೇ. ಮೈಕ್ರೋಪ್ಟೆರಿಜಿಡೀ ಎಂಬ ಪುಟ್ಟ ಪತಂಗಗಳಿಗೆ ಸುರುಳಿ ಸೊಂಡಿಲೇ ಇಲ್ಲ. ದವಡೆಯಲ್ಲಿ ಪರಾಗ ಅಗಿದು ತಿನ್ನುತ್ತವೆ! ಇನ್ನು ನಾವು ಬೇರೆಯೇ ಅಂದುಕೊಂಡಿರುವ ಚಿಟ್ಟೆಗಳು ಇದೇ ಮರದ ನಡುವಿನ ಒಂದು ಕೊಂಬೆ. ನನ್ನನ್ನು ಕೇಳಿದರೆ, ಚಿಟ್ಟೆ ಅಂದರೆ ಹಗಲಲ್ಲಿ ಓಡಾಡುವ ಒಂದು ಬಗೆಯ ಪತಂಗ ಅಂದರೂ ತಪ್ಪಾಗದು.

ಸಣ್ಣ ಮೈ ಇದ್ದರೆ ಲಾಭವೇನು? ಎಲೆಯ ಒಳಗೇ ಮನೆ ಮಾಡಬಹುದು.

ನಿಂಬೆ ಗಿಡದ ಚಿಗುರೆಲೆ ನೋಡಿ. ಬೆಳ್ಳಿ ಬಣ್ಣದ ಗೆರೆಯೊಂದು ಹಾವಿನಂತೆ ಸುತ್ತಿಕೊಂಡಿರುತ್ತದೆ. ಕೃಷಿಕರು ರಂಗೋಲಿ ಹುಳು ಅನ್ನುವುದು ಇಂಥ ಗೆರೆ ಎಳೆಯುವ ಹುಳುಗಳಿಗೇ. ನಿಂಬೆಯಲ್ಲಿ ಇದನ್ನು ಬರೆಯುವುದು ಫಿಲೊಕ್ನಿಸ್ಟಿಸ್ ಸಿಟ್ರೆಲ್ಲಾ ಎಂಬ ಪುಟ್ಟ ಪತಂಗದ ಮರಿ. ಎಲೆಯ ದಪ್ಪ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ, ಅಲ್ವಾ? ಅದರ ಮೇಲ್ಪೊರೆಯ ಅಡಿ ನುಸುಳಲು ಮರಿಯ ಮೈ ಚಪ್ಪಟೆಯಾಗಿದೆ. ಕಾಲುಗಳಿಲ್ಲ. ದವಡೆ ಕತ್ತರಿಯಂತೆ ಅಡ್ಡಡ್ಡ ಆಡುತ್ತದೆ. ಜೀವಕೋಶ ಕೊಯ್ದು ರಸ ಹೀರುತ್ತ ಮುಂದೆ ಸಾಗುತ್ತದೆ. ಹಿಕ್ಕೆ ಹಿಂದೆ ಉಳಿದು ಗೆರೆಯ ನಡುವೆ ಸಣ್ಣ ಕಪ್ಪು ದಾರದಂತೆ ಕಾಣುತ್ತದೆ. ಗೆರೆ ಶುರುವಿನಲ್ಲಿ ಸಪೂರ, ಕೊನೆಯಲ್ಲಿ ಅಗಲ. ಮರಿ ಬೆಳೆದ ಕಥೆಯೆಲ್ಲ ಅಲ್ಲೇ ಬರೆದಿರುತ್ತದೆ. ಕೊನೆಗೆ ಎಲೆಯ ಅಂಚನ್ನು ಮಡಚಿ ಅದರೊಳಗೆ ಕೋಶವಾಗುತ್ತದೆ.

ಹಾಗಂತ ಎಲ್ಲ ರಂಗೋಲಿಯೂ ಪತಂಗದ್ದಲ್ಲ. ಟೊಮೆಟೊ, ಬೀನ್ಸ್ ಎಲೆಗಳಲ್ಲಿ ಜಾಸ್ತಿ ಕಾಣುವುದು ಅಗ್ರೊಮೈಜಿಡೀ ಎಂಬ ಪುಟ್ಟ ನೊಣಗಳ ಕೆಲಸ. ಅವುಗಳ ಸುರಂಗದಲ್ಲಿ ಹಿಕ್ಕೆ ಅನೇಕ ವೇಳೆ ಒಮ್ಮೆ ಈ ಬದಿ, ಒಮ್ಮೆ ಆ ಬದಿ ಬಿದ್ದಿರುತ್ತದೆ. ನೊಣದ ಮರಿ ಒಂದು ಬದಿಗೆ ಮಲಗಿ ತಿನ್ನುತ್ತದೆ, ಆಗಾಗ ಮಗ್ಗುಲು ಬದಲಿಸುತ್ತದೆ, ಅದಕ್ಕೇ.

ಕೆಲವು ಪುಟಾಣಿಗಳ ತಂತ್ರ ಇನ್ನೂ ಬೆರಗಿನದು. ಎಲೆ ಹಳದಿಯಾಗಿ ಉದುರಿದ ಮೇಲೂ ಸುರಂಗದ ಸುತ್ತ ಒಂದು ತುಂಡು ಮಾತ್ರ ಹಸಿರಾಗಿಯೇ ಉಳಿದಿರುತ್ತದೆ. ಇದಕ್ಕೆ ‘ಹಸಿರು ದ್ವೀಪ’ ಅನ್ನುತ್ತಾರೆ. ಒಂದು ಜಾತಿಯಲ್ಲಿ ಪರೀಕ್ಷಿಸಿ ನೋಡಿದಾಗ ಮರಿಯ ಮೈಯಲ್ಲಿರುವ ಬ್ಯಾಕ್ಟೀರಿಯಾ ಇದಕ್ಕೆ ಬೇಕು ಎಂದು ತಿಳಿಯಿತು. ಮದ್ದು ಕೊಟ್ಟು ಆ ಬ್ಯಾಕ್ಟೀರಿಯಾ ಕೊಂದರೆ ದ್ವೀಪವೂ ಮೂಡುವುದಿಲ್ಲ.

ಎಲೆ ಬಿಟ್ಟವರೂ ಇದ್ದಾರೆ. ಗೋಡೆಯ ಮೇಲೆ ಸೌತೆ ಬೀಜದ ಆಕಾರದ ಬೂದು ಚೀಲವೊಂದು ತೆವಳುವುದನ್ನು ನೋಡಿರಬಹುದು. ನಾನು ಬಹಳ ದಿನ ಅದನ್ನು ಧೂಳು ಅಂತ ಗುಡಿಸಿ ಹಾಕಿದ್ದೆ. ಅದು ಟೈನಿಡೀ ಕುಟುಂಬದ ಮರಿ, ತಾನೇ ನೇಯ್ದ ಚೀಲದಲ್ಲಿ ವಾಸ. ಎರಡೂ ತುದಿ ತೆರೆದಿರುವುದರಿಂದ ಯಾವ ಕಡೆಯಿಂದಲಾದರೂ ತಲೆ ಹಾಕುತ್ತದೆ. ಹಳೆಯ ಜೇಡರ ಬಲೆ, ಉದುರಿದ ಕೂದಲು ಅದರ ಊಟ. ಉಣ್ಣೆ ಬಟ್ಟೆ ತೂತು ಮಾಡುವ ಪತಂಗವೂ ಇದೇ ಕುಟುಂಬದ್ದು. ಬಟ್ಟೆ ತಿನ್ನುವುದು ಮರಿ. ಹಾರಾಡುವ ಪತಂಗ ಏನನ್ನೂ ತಿನ್ನುವುದಿಲ್ಲ.

ಎಲೆಯೊಳಗೆ ಕೂತರೆ ಕ್ಷೇಮವೇ? ಇರುವೆಗಳಿಂದ, ಮಳೆಯಿಂದ ಅಲ್ಪಸ್ವಲ್ಪ ಹೌದು. ಆದರೆ ಯೂಲೊಫಿಡೀ ಎಂಬ ಕಣಜಗಳಿವೆ. ಹಲವು ಜಾತಿಗಳ ಮೈ ಎರಡು ಮಿಲಿಮೀಟರ್ ಕೂಡ ಇಲ್ಲ. ಹೆಣ್ಣು ಕಣಜ ಎಲೆಯ ಮೇಲೆ ಮೀಸೆ ಬಡಿಯುತ್ತ ನಡೆದು, ಕೆಳಗಿರುವ ಮರಿಯನ್ನು ಪತ್ತೆಹಚ್ಚಿ, ಪೊರೆಯ ಮೂಲಕವೇ ಚುಚ್ಚಿ ಮೊಟ್ಟೆ ಇಡುತ್ತದೆ. ಕಣಜದ ಮರಿ ಸುರಂಗದಲ್ಲೇ ರಂಗೋಲಿ ಹುಳುವನ್ನು ತಿಂದು ಮುಗಿಸುತ್ತದೆ. ಆ ಕಣಜದ ಮರಿಯನ್ನು ತಿನ್ನಲು ಮತ್ತೊಂದು ಕಣಜ ಬರುವುದೂ ಉಂಟು.

ಮುಂದಿನ ಸಲ ಗೆರೆ ಬಿದ್ದ ಎಲೆ ಸಿಕ್ಕರೆ ಬೆಳಕಿಗೆ ಹಿಡಿದು ನೋಡಿ. ಗೆರೆಯ ಅಗಲವಾದ ತುದಿಯಲ್ಲಿ ತಿಳಿ ಬಣ್ಣದ ಹುಳು ಮಿಸುಕುತ್ತಿದ್ದರೆ ಪತಂಗವೋ ನೊಣವೋ ಇನ್ನೂ ತಿನ್ನುತ್ತಿದೆ. ಅಲ್ಲಿ ಹುಳುವಿಲ್ಲದೆ ಪುಟ್ಟ ಕಪ್ಪು ಕೋಶ ಕಂಡರೆ, ಬಹುಮಟ್ಟಿಗೆ ಕಣಜ ಅದನ್ನು ಮುಗಿಸಿ ಆಗಿದೆ.