ಪ್ರತಿಕಾಯ ಹುಟ್ಟುವುದು ಹೇಗೆ? ನಾನು ನಾಲ್ಕು ಸಲ ಎಡವಿದ ಜಾಗ

ಸೆಕೆಂಡ್ ಪಿಯುಸಿ ಬಯಾಲಜಿಯ ರೋಗನಿರೋಧಕ ಶಕ್ತಿಯ ಭಾಗವನ್ನು ನಾಲ್ಕು ಸಲ ಓದಿದೆ. ನಾಲ್ಕು ಸಲವೂ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡೆ. ನಿನ್ನೆ ರಾತ್ರಿ ಹೇಗೋ ಗಂಟು ಬಿಚ್ಚಿತು. ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ. ನನ್ನ ಹಾಗೆ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಉಪಯೋಗಕ್ಕೆ ಬರಬಹುದು.

ಹುಟ್ಟಿನಿಂದ ಬರುವ ರಕ್ಷಣೆ ಸುಲಭ, ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಚರ್ಮ, ಹೊಟ್ಟೆಯ ಆಮ್ಲ, ಕಣ್ಣೀರಿನ ಲೈಸೋಜೈಮ್. ಇವನ್ನು ದಾಟಿ ಬಂದ ರೋಗಾಣುಗಳನ್ನು ನುಂಗಲು ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್ ಎಂಬ ಕೋಶಗಳು. ಗಾಯದ ಕೀವಿನಲ್ಲಿ ತುಂಬಿರುವುದು ಹೆಚ್ಚಾಗಿ ಸತ್ತ ನ್ಯೂಟ್ರೋಫಿಲ್‌ಗಳೇ. ಇವು ಕೆಲವೇ ಗಂಟೆಗಳಲ್ಲಿ ಓಡಿ ಬರುತ್ತವೆ. ಸೂಕ್ಷ್ಮಜೀವಿಗಳ ಸಾಮಾನ್ಯ ಗುರುತು ಕಂಡರೆ ಸಾಕು, ಊರು ಹೆಸರು ಕೇಳುವುದಿಲ್ಲ. ಹೆಸರು ಹಿಡಿದು ಹುಡುಕುವ ಕೆಲಸ ಬಿ ಕೋಶ, ಟಿ ಕೋಶ ಎಂಬ ಬಿಳಿ ರಕ್ತಕಣಗಳದ್ದು. ನನ್ನ ಕಷ್ಟ ಶುರುವಾಗಿದ್ದೇ ಅಲ್ಲಿ.

ಎಡವಿದ ಜಾಗ

ನನ್ನ ತಲೆಯಲ್ಲಿದ್ದ ಚಿತ್ರ ಹೀಗಿತ್ತು. ವೈರಸ್ ಒಳಗೆ ಬರುತ್ತದೆ. ಬಿ ಕೋಶ ಅದರ ಅಳತೆ ತೆಗೆದುಕೊಳ್ಳುತ್ತದೆ. ಆ ಅಳತೆಗೆ ಸರಿಯಾಗಿ ಪ್ರತಿಕಾಯ (ಆಂಟಿಬಾಡಿ, ರೋಗಾಣುವಿಗೆ ಅಂಟಿಕೊಳ್ಳುವ ವಸ್ತು) ಹೊಲಿದು ಕೊಡುತ್ತದೆ. ಥೇಟ್ ನಮ್ಮ ಬೀದಿಯ ಟೈಲರ್ ಹಾಗೆ.

ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಪ್ರತಿಕಾಯ ಅಂದರೆ ಪ್ರೋಟೀನ್. ಪ್ರೋಟೀನ್ ಆಗಬೇಕಾದರೆ ಅದರ ಜೀನ್ ಮೊದಲೇ ಇರಬೇಕು. ಪ್ರೋಟೀನ್ ಮಾಡಲು ನಮ್ಮಲ್ಲಿರುವುದು ಸುಮಾರು 20,000 ಜೀನ್‌ಗಳು. ರೋಗಾಣುಗಳ ರೂಪಗಳಿಗೋ ಲೆಕ್ಕವೇ ಇಲ್ಲ. ಕೋವಿಡ್ ವೈರಸ್ ಮನುಷ್ಯರಲ್ಲಿ ಕಾಣಿಸಿಕೊಂಡಿದ್ದೇ 2019ರಲ್ಲಿ. ಅದಕ್ಕೂ ಪ್ರತಿಕಾಯ ಬಂತಲ್ಲ, ಆ ಜೀನ್ ನಮ್ಮೊಳಗೆ ಎಲ್ಲಿ ಕೂತಿತ್ತು?

ನನ್ನ ತಪ್ಪಿಗೆ ದೊಡ್ಡವರ ಜೊತೆ ಇದೆ ಅಂತ ಆಮೇಲೆ ಗೊತ್ತಾಯಿತು. ಲೈನಸ್ ಪಾಲಿಂಗ್ 1940ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಪ್ರತಿಜನಕವೇ (ಆಂಟಿಜೆನ್, ಅಂದರೆ ಪ್ರತಿಕಾಯ ಹಿಡಿಯುವ ಹೊರಗಿನ ವಸ್ತು) ಅಚ್ಚು, ಪ್ರತಿಕಾಯ ಅದರ ಸುತ್ತ ಮಡಚಿಕೊಂಡು ಆಕಾರ ಪಡೆಯುತ್ತದೆ ಅಂತ. ಅಷ್ಟು ದೊಡ್ಡ ರಸಾಯನ ವಿಜ್ಞಾನಿಯೇ ತಪ್ಪಿದ್ದರು ಅಂತ ಓದಿದಾಗ ಸ್ವಲ್ಪ ಸಮಾಧಾನ ಆಯಿತು.

ಇದನ್ನು ತಿರುಗಿಸಿ ನಿಲ್ಲಿಸಿದವರಲ್ಲಿ ಮುಖ್ಯರು ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್, 1957ರಲ್ಲಿ. ನಮ್ಮ ಮೈ ಟೈಲರ್ ಅಂಗಡಿ ಅಲ್ಲ, ರೆಡಿಮೇಡ್ ಅಂಗಡಿ. ಗಿರಾಕಿ ಬರುವ ಮೊದಲೇ ಲಕ್ಷಾಂತರ ಅಳತೆಯ ಶರ್ಟ್‌ಗಳು ನೇತಾಡುತ್ತಿರುತ್ತವೆ. ಒಂದು ಬಿ ಕೋಶದ ಹತ್ತಿರ ಒಂದೇ ಅಳತೆ. ವೈರಸ್ ಬಂದಾಗ ಯಾವ ಕೋಶದ ಅಳತೆ ಅದಕ್ಕೆ ಹೊಂದುತ್ತದೋ ಆ ಕೋಶ ಮಾತ್ರ ಎದ್ದು, ಒಂದು ಎರಡಾಗಿ, ಎರಡು ನಾಲ್ಕಾಗಿ ಸಾವಿರಗಟ್ಟಲೆ ಬೆಳೆಯುತ್ತದೆ. ಪುಸ್ತಕದಲ್ಲಿ ಕ್ಲೋನಲ್ ಸೆಲೆಕ್ಷನ್ ಅಂತ ಬರುವುದು ಇದೇ. ವೈರಸ್ ಏನನ್ನೂ ಕಲಿಸುವುದಿಲ್ಲ, ಸುಮ್ನೆ ಆರಿಸುತ್ತದೆ. ಈ ವಾಕ್ಯವನ್ನು ಮೂರು ಸಲ ಓದಿಕೊಳ್ಳಿ, ನಾನು ಹತ್ತು ಸಲ ಓದಿದ್ದೇನೆ.

ಸರಿ, ಅಷ್ಟು ಶರ್ಟ್‌ಗಳಿಗೆ ಜೀನ್ ಎಲ್ಲಿಂದ? ಎಲ್ಲ ಜೀವಕೋಶಗಳಲ್ಲೂ ಒಂದೇ ಡಿಎನ್‌ಎ ಇರುತ್ತದೆ ಅಂತ ಹೈಸ್ಕೂಲಿನಲ್ಲಿ ಕಲಿತಿದ್ದೆವಲ್ಲ, ಬಿ ಕೋಶ ಆ ಮಾತು ಮೀರುತ್ತದೆ. ಮೂಳೆಯ ಮಜ್ಜೆಯಲ್ಲಿ ಬೆಳೆಯುವಾಗ ಅದು ತನ್ನ ಡಿಎನ್‌ಎಯನ್ನೇ ಕತ್ತರಿಸಿ, ತುಂಡುಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿಕೊಳ್ಳುತ್ತದೆ. ಇದನ್ನು 1976ರಲ್ಲಿ ತೋರಿಸಿಕೊಟ್ಟ ಸುಸುಮು ತೊನೆಗಾವಾ ಅವರಿಗೆ 1987ರ ನೊಬೆಲ್ ಬಂತು.

ಲೆಕ್ಕ ಹಾಕಿದರೆ ಮಾತ್ರ ನಂಬಿಕೆ ಬರುತ್ತದೆ. ಪ್ರತಿಕಾಯದಲ್ಲಿ ಭಾರದ್ದು, ಹಗುರದ್ದು ಅಂತ ಎರಡು ಬಗೆಯ ಪ್ರೋಟೀನ್ ಸರಪಳಿ. ಭಾರದ ಸರಪಳಿಯ ಜೀನ್ ತುಂಡುಗಳಿಗೆ ವಿ, ಡಿ, ಜೆ ಅಂತ ಹೆಸರು: ವಿ ತುಂಡು ಸುಮಾರು 40, ಡಿ ತುಂಡು 23, ಜೆ ತುಂಡು 6. ಪ್ರತಿಯೊಂದರಿಂದ ಒಂದೊಂದು ಆರಿಸಿದರೆ 40×23×6, ಅಂದರೆ 5,520 ಬಗೆ. ಹಗುರ ಸರಪಳಿಯಲ್ಲಿ ಡಿ ಇಲ್ಲ, ಅಲ್ಲಿ ಸುಮಾರು 320 ಬಗೆ. ಎರಡನ್ನೂ ಗುಣಿಸಿ: 17 ಲಕ್ಷ ದಾಟುತ್ತದೆ. ತುಂಡುಗಳ ಅಂಚು ಕೂಡುವ ಜಾಗದಲ್ಲಿ ಡಿಎನ್‌ಎಯ ಕೆಲವು ಅಕ್ಷರ ಬಿದ್ದುಹೋಗುತ್ತವೆ, ಹೊಸವು ಸೇರುತ್ತವೆ. ಅದನ್ನೂ ಹಿಡಿದರೆ ಕೋಟಿಗಳ ಲೆಕ್ಕ. ಬಟ್ಟೆ ಅದೇ ಗೋದಾಮಿನದು, ಕಾಲರ್, ತೋಳು, ಜೇಬು ಬದಲಾಯಿಸಿ ಜೋಡಿಸಿದ್ದು ಅಷ್ಟೇ.

ಹೀಗೆ ಕಣ್ಣು ಮುಚ್ಚಿ ಜೋಡಿಸಿದರೆ ನಮ್ಮ ಮೈಗೇ ಅಂಟಿಕೊಳ್ಳುವ ಅಳತೆಯೂ ಬರುತ್ತದೆ. ಅಂಥ ಕೋಶಗಳಲ್ಲಿ ಹೆಚ್ಚಿನವನ್ನು ಮಜ್ಜೆಯಲ್ಲೇ ತಡೆಯಲಾಗುತ್ತದೆ. ಟಿ ಕೋಶಗಳಿಗೆ ಈ ಪರೀಕ್ಷೆ ಎದೆಯೊಳಗಿನ ಥೈಮಸ್‌ನಲ್ಲಿ.

ದಿನಗಳ ಲೆಕ್ಕ

ಹೊಂದುವ ಕೋಶ ಸಿಗಬೇಕು, ಬೆಳೆಯಬೇಕು, ಆಮೇಲೆ ಪ್ರತಿಕಾಯ ಸುರಿಸಬೇಕು. ಅದಕ್ಕೇ ಮೊದಲ ಸಲ ತಡ. ಡೆಂಗಿ ಜ್ವರದ ಮೊದಲ ದಿನಗಳಲ್ಲಿ ಡಾಕ್ಟರ್ ಎನ್‌ಎಸ್1 ಟೆಸ್ಟ್ ಬರೆಯುವುದು ಇದಕ್ಕೇ. ಅದು ಹುಡುಕುವುದು ವೈರಸ್ಸಿನ ಪ್ರೋಟೀನನ್ನು. ಮೊದಲು ಬರುವ ಬಗೆಯಾದ ಐಜಿಎಂ ಪ್ರತಿಕಾಯ ಸಾಮಾನ್ಯವಾಗಿ ನಾಲ್ಕೈದು ದಿನ ಕಳೆದ ಮೇಲೆ ಸಿಗುತ್ತದೆ. ಐಜಿಜಿ ಎಂಬ ಇನ್ನೊಂದು ಬಗೆ ಇನ್ನೂ ಆಮೇಲೆ.

ಈ ನಡುವೆ ದುಗ್ಧಗ್ರಂಥಿಯಲ್ಲಿ (ಲಿಂಫ್ ನೋಡ್) ಇನ್ನೊಂದು ಕೆಲಸ ನಡೆಯುತ್ತದೆ. ಬೆಳೆಯುವ ಬಿ ಕೋಶಗಳ ಪ್ರತಿಕಾಯದ ಜೀನ್‌ನಲ್ಲಿ ಸಣ್ಣಪುಟ್ಟ ಬದಲಾವಣೆ ಆಗುತ್ತವೆ. ಇನ್ನೂ ಬಿಗಿಯಾಗಿ ಹಿಡಿಯುವುದು ಉಳಿಯುತ್ತದೆ, ಸಡಿಲವಾದದ್ದು ಸಾಯುತ್ತದೆ. ಅಂದರೆ ರೆಡಿಮೇಡ್ ಅಂಗಡಿಯ ಹಿಂದೆ ಆಲ್ಟರೇಷನ್ ಮಾಡುವವನೂ ಒಬ್ಬ ಕೂತಿದ್ದಾನೆ! ನನ್ನ ಟೈಲರ್ ಪೂರ್ತಿ ಸುಳ್ಳಲ್ಲ, ತಡವಾಗಿ ಬರುತ್ತಾನೆ ಅಷ್ಟೇ.

ಇನ್ನು ಟಿ ಕೋಶಗಳು. ಕೋಶಗಳು ಪ್ರೋಟೀನ್ ಚೂರುಗಳನ್ನು ಹೊರಗೆ ಹಿಡಿದು ತೋರಿಸುವ ತಟ್ಟೆ ಎಂಎಚ್‌ಸಿ, ಅದರಲ್ಲಿ ಎರಡು ಬಗೆ. ಅದನ್ನು ನೋಡುವ ಟಿ ಕೋಶಗಳಲ್ಲೂ ಎರಡು ಬಗೆ, ಸಿಡಿ8 ಮತ್ತು ಸಿಡಿ4. ಯಾವುದಕ್ಕೆ ಯಾವುದು ಅಂತ ನೆನಪಿಡಲು ನನ್ನ ಅಡ್ಡದಾರಿ: ಗುಣಿಸಿದರೆ 8 ಬರಬೇಕು. ಎಂಎಚ್‌ಸಿ ಒಂದು ಇದ್ದರೆ ಸಿಡಿ8 (1×8). ಎಂಎಚ್‌ಸಿ ಎರಡು ಇದ್ದರೆ ಸಿಡಿ4 (2×4). ಒಂದನೆಯದು ನ್ಯೂಕ್ಲಿಯಸ್ ಇರುವ ಹೆಚ್ಚುಕಡಿಮೆ ಎಲ್ಲ ಕೋಶದ ಮೇಲೂ ಇರುತ್ತದೆ, 'ನನ್ನೊಳಗೆ ಏನು ತಯಾರಾಗುತ್ತಿದೆ ನೋಡಿ' ಅಂತ ತೋರಿಸುತ್ತದೆ. ವೈರಸ್ಸಿನ ಚೂರು ಕಂಡರೆ ಸಿಡಿ8 ಆ ಕೋಶವನ್ನೇ ಕೊಲ್ಲುತ್ತದೆ. ಎರಡನೆಯದು 'ನಾನು ಏನು ತಿಂದೆ ನೋಡಿ' ಅಂತ ಸಿಡಿ4ಗೆ ತೋರಿಸುತ್ತದೆ, ಅದು ಬಿ ಕೋಶಕ್ಕೆ ಸಹಾಯ ಮಾಡುತ್ತದೆ. ಎಚ್‌ಐವಿ ಮುಖ್ಯವಾಗಿ ಹಿಡಿಯುವುದು ಈ ಸಿಡಿ4 ಕೋಶಗಳನ್ನೇ. ಆದ್ದರಿಂದ ಬಿ ಕೋಶಗಳೂ ದಾರಿ ತಪ್ಪುತ್ತವೆ.

ನೆನಪು

ಜ್ವರ ಬಿಟ್ಟ ಮೇಲೆ ಹೆಚ್ಚಿನ ಕೋಶಗಳು ಸಾಯುತ್ತವೆ, ಕೆಲವು ನೆನಪಿನ ಕೋಶಗಳಾಗಿ ಉಳಿಯುತ್ತವೆ. ಎಷ್ಟು ವರ್ಷ? ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ 1781ರಲ್ಲಿ ದಡಾರ ಬಂದಿತ್ತು. ಮತ್ತೆ ಬಂದದ್ದು 1846ರಲ್ಲಿ. ಸುಮಾರು 7,800 ಜನರಲ್ಲಿ 6,000ಕ್ಕೂ ಹೆಚ್ಚು ಜನ ಮಲಗಿದರು. ಪೀಟರ್ ಪಾನಮ್ ಎಂಬ ಯುವ ಡ್ಯಾನಿಶ್ ವೈದ್ಯ ಹೋಗಿ ವಿಚಾರಿಸಿದರೆ, 65 ವರ್ಷದ ಹಿಂದೆ ದಡಾರ ಬಂದಿದ್ದ ಮುದುಕರಿಗೆ ಏನೂ ಆಗಿರಲಿಲ್ಲ. ಮಧ್ಯೆ ಒಮ್ಮೆಯೂ ಆ ವೈರಸ್ಸಿನ ಮುಖ ನೋಡದವರು ಅವರು.

ಡೆಂಗಿಯಲ್ಲಿ ಇದೇ ನೆನಪು ಕೈ ಕೊಡುತ್ತದೆ. ಅದರಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದವರಿಗೆ ಇನ್ನೊಂದು ಬಗೆ ಬಂದರೆ ಹಳೇ ಪ್ರತಿಕಾಯ ಅರ್ಧಂಬರ್ಧ ಹಿಡಿಯುತ್ತದೆ, ವೈರಸ್ಸನ್ನು ಕಟ್ಟಿಹಾಕಲು ಆಗುವುದಿಲ್ಲ. ನುಂಗುವ ಕೋಶಗಳೋ ಪ್ರತಿಕಾಯದ ಬಾಲ ಕಂಡರೆ ಒಳಗೆಳೆದುಕೊಳ್ಳುತ್ತವೆ. ಹೀಗೆ ಜೀವಂತವಾಗಿಯೇ ಒಳಗೆ ಹೋದ ವೈರಸ್ ಅಲ್ಲೇ ಬೆಳೆಯುತ್ತದೆ. ಎರಡನೇ ಸಲದ ಡೆಂಗಿ ಮೊದಲಿನದಕ್ಕಿಂತ ಜೋರಾಗುವ ಸಂಭವ ಜಾಸ್ತಿ ಅನ್ನುವುದಕ್ಕೆ ಒಂದು ಮುಖ್ಯ ಕಾರಣ ಇದು: ಅಳತೆ ಸರಿಯಿಲ್ಲದ ಹಳೇ ಶರ್ಟನ್ನೇ ಅಂಗಡಿಯವನು ಮೊದಲು ತೆಗೆದು ಕೊಟ್ಟದ್ದು.